ತರಗತಿಯಲ್ಲಿ ತಂತ್ರಜ್ಞಾನ: ಪ್ರೌಢಶಾಲಾ ಶಿಕ್ಷಕರೂ ಪೋಷಕರೂ ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದ ಸರ್ಕಾರಿ ಮತ್ತು ಅನುದಾನಿತ ಪ್ರೌಢಶಾಲೆಗಳಲ್ಲಿ, ಮುಖ್ಯವಾಗಿ ಕನ್ನಡ ಮಾಧ್ಯಮದಲ್ಲಿ ಪಾಠ ಮಾಡುವ ಶಿಕ್ಷಕರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆಯಲಾಗಿದೆ. ಪೋಷಕರಿಗೆ ಸಂಬಂಧಿಸಿದ ಪ್ರಶ್ನೆಗಳೂ ನಡುನಡುವೆ ಇವೆ. ಯಾವುದೇ ಸಾಧನವನ್ನು ಕೊಳ್ಳುವಂತೆ ಇಲ್ಲಿ ಸಲಹೆ ನೀಡಿಲ್ಲ. ಹೆಸರಿಸಿರುವ ತಂತ್ರಾಂಶಗಳಲ್ಲಿ ಬಹುತೇಕ ಎಲ್ಲವೂ ಶಾಲೆಗಳಿಗೆ ಉಚಿತವಾಗಿ ಸಿಗುವಂಥವು.

ತಂತ್ರಜ್ಞಾನ ಎಂದರೆ ಕಂಪ್ಯೂಟರ್ ಮತ್ತು ಸ್ಮಾರ್ಟ್ ಬೋರ್ಡ್ ಮಾತ್ರವೇ?

ಅಲ್ಲ. ನಮ್ಮ ರಾಜ್ಯದ ಶಾಲೆಗಳಿಗೆ ಈ ವಿಷಯದಲ್ಲಿ ಐವತ್ತು ವರ್ಷಗಳ ಅನುಭವವಿದೆ. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ಕಾರ್ಯಕ್ರಮಗಳು ತಲುಪಿದವು. ಆ ಹಳ್ಳಿಗಳ ಪಟ್ಟಿಯಲ್ಲಿ ರಾಯಚೂರು, ಗುಲ್ಬರ್ಗಾ ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಇದ್ದು, ಬೆಳಗಿನ ಹೊತ್ತು ಶಾಲಾ ಮಕ್ಕಳಿಗಾಗಿ ಕನ್ನಡದ ಕಾರ್ಯಕ್ರಮಗಳು ಪ್ರಸಾರವಾಗುತ್ತಿದ್ದವು. ಅನಂತರ ಪ್ರಾಥಮಿಕ ಶಾಲೆಗಳಿಗೆ ಆಕಾಶವಾಣಿಯ ‘ಕೇಳಿ ಕಲಿ’ ಬಂದಿತು. 2004ರಲ್ಲಿ ಎಜುಸ್ಯಾಟ್ ಉಪಗ್ರಹ ಕಕ್ಷೆಗೆ ಸೇರಿದ ಮೇಲೆ ಚಾಮರಾಜನಗರ ಜಿಲ್ಲೆಯ ಶಾಲೆಗಳಿಗೆ ಅದರ ಮೂಲಕ ಪಾಠಗಳು ಬಂದವು. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ನಡೆದವು.

ಈ ಸರಣಿಯನ್ನು ನೆನಪಿಸಲು ಒಂದು ಕಾರಣವಿದೆ. ಪ್ರತಿ ಸಲವೂ ಯಂತ್ರ ಬದಲಾಗಿದೆ. ಆದರೆ ಕಾರ್ಯಕ್ರಮಕ್ಕೆ ಮೊದಲು ಶಿಕ್ಷಕರು ಮಕ್ಕಳನ್ನು ಸಿದ್ಧಗೊಳಿಸಿ, ಮುಗಿದ ಮೇಲೆ ಅವರೊಂದಿಗೆ ಚರ್ಚಿಸಿದ ಕಡೆ ಅದು ಪಾಠವಾಯಿತು, ಹಾಗೆ ಮಾಡದ ಕಡೆ ಬರೀ ಪ್ರಸಾರವಾಗಿ ಉಳಿಯಿತು. ಇಂದಿನ ಸ್ಮಾರ್ಟ್ ಕ್ಲಾಸಿಗೂ ಈ ಮಾತು ಹಾಗೆಯೇ ಅನ್ವಯಿಸುತ್ತದೆ.

ಪಾಠದ ಯಾವ ಭಾಗಕ್ಕೆ ತಂತ್ರಜ್ಞಾನ ಬೇಕು, ಯಾವುದಕ್ಕೆ ಬೇಡ ಎಂದು ತೀರ್ಮಾನಿಸುವುದು ಹೇಗೆ?

ಪಾಠಯೋಜನೆ ಬರೆಯುವಾಗ ಮೊದಲು ಸಾಧನದ ಬಗ್ಗೆ ಯೋಚಿಸಬೇಡಿ. ಆ ಘಟಕದಲ್ಲಿ ನಿಮ್ಮ ಮಕ್ಕಳು ಪ್ರತಿ ವರ್ಷವೂ ಎಲ್ಲಿ ಎಡವುತ್ತಾರೆ ಎಂಬುದನ್ನು ಬರೆದುಕೊಳ್ಳಿ. ಆ ಎಡವು ಕಣ್ಣಿಗೆ ಕಾಣದ, ಬಹಳ ನಿಧಾನವಾಗಿ ನಡೆಯುವ, ಅಥವಾ ಬೋರ್ಡಿನ ಮೇಲೆ ಚಲಿಸಿ ತೋರಿಸಲಾಗದ ಸಂಗತಿಯಿಂದ ಹುಟ್ಟಿದ್ದರೆ ತಂತ್ರಜ್ಞಾನಕ್ಕೆ ಅಲ್ಲಿ ಕೆಲಸವಿದೆ.

10ನೇ ತರಗತಿಯ ವಿದ್ಯುತ್ ಘಟಕವನ್ನೇ ನೋಡೋಣ. ಸರಣಿಯಲ್ಲಿ ಜೋಡಿಸಿದ ಎರಡು ಬಲ್ಬುಗಳಲ್ಲಿ ಮೊದಲನೆಯದು ಒಂದಿಷ್ಟು ವಿದ್ಯುತ್ ಪ್ರವಾಹವನ್ನು ‘ಖರ್ಚು’ ಮಾಡಿಬಿಡುತ್ತದೆ, ಎರಡನೆಯದಕ್ಕೆ ಉಳಿದದ್ದು ಮಾತ್ರ ಸಿಗುತ್ತದೆ ಎಂದು ಅನೇಕ ಮಕ್ಕಳು ಗಟ್ಟಿಯಾಗಿ ನಂಬಿರುತ್ತಾರೆ. ಓಮ್ ನಿಯಮದ ಲೆಕ್ಕಗಳನ್ನು ಸರಿಯಾಗಿ ಬಿಡಿಸುವ ಮಕ್ಕಳಲ್ಲೂ ಈ ನಂಬಿಕೆ ಹಾಗೆಯೇ ಇರುತ್ತದೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನಿ ಕಾರ್ಲ್ ವೈಮನ್ 2002ರಲ್ಲಿ ಆರಂಭಿಸಿದ ಫೆಟ್ ಯೋಜನೆಯ ವಿದ್ಯುನ್ಮಂಡಲದ ಅನುಕರಣೆಯಲ್ಲಿ (ಕಂಪ್ಯೂಟರಿನಲ್ಲಿ ನಡೆಸುವ ಸಿಮ್ಯುಲೇಷನ್) ತಂತಿಯೊಳಗೆ ಎಲೆಕ್ಟ್ರಾನುಗಳು ಸಾಗುವುದನ್ನು ಚಿತ್ರಿಸಿದ್ದಾರೆ. ಬಲ್ಬಿನ ಈಚೆಗೂ ಆಚೆಗೂ ಅವು ಒಂದೇ ವೇಗದಲ್ಲಿ ಸಾಗುತ್ತವೆ, ಎರಡೂ ಕಡೆ ಇಟ್ಟ ಅಮ್ಮೀಟರ್ ಒಂದೇ ಅಳತೆಯನ್ನು ತೋರಿಸುತ್ತದೆ. ಹಳೆಯ ನಂಬಿಕೆ ಅಲ್ಲಾಡುವುದು ಇಲ್ಲಿಯೇ. ಆದರೂ ಒಂದು ಬ್ಯಾಟರಿ, ಎರಡು ಟಾರ್ಚ್ ಬಲ್ಬು, ಒಂದಿಷ್ಟು ತಂತಿಯನ್ನು ಮಕ್ಕಳ ಕೈಗೆ ಕೊಟ್ಟು ನಿಜವಾದ ಮಂಡಲವನ್ನು ಜೋಡಿಸಲು ಬಿಟ್ಟ ಮೇಲೆಯೇ ಅನುಕರಣೆಗೆ ಹೋಗಬೇಕು.

ಚಂದ್ರನ ಕಲೆಗಳ ಪಾಠಕ್ಕೂ ಇದೇ ಕ್ರಮ ಒಳ್ಳೆಯದು. ಮಕ್ಕಳು ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗೆ ಸಂಜೆಯ ಚಂದ್ರನನ್ನು ನೋಡಿ ಚಿತ್ರ ಬರೆದಿರಲಿ. ಆಮೇಲೆ ಆಕಾಶವನ್ನು ಪರದೆಯ ಮೇಲೆ ತೋರಿಸುವ ಸ್ಟೆಲ್ಲೇರಿಯಂ ತಂತ್ರಾಂಶದಲ್ಲಿ ನಿಮ್ಮದೇ ಊರನ್ನು ಆರಿಸಿಕೊಂಡು ಆ ಹದಿನೈದು ದಿನಗಳನ್ನು ಒಂದೆರಡು ನಿಮಿಷದಲ್ಲಿ ಓಡಿಸಿ ತೋರಿಸಿ. ತಾವು ಬರೆದ ಚಿತ್ರ ಪರದೆಯ ಮೇಲಿನದಕ್ಕೆ ಹೊಂದುತ್ತದೆಯೇ ಎಂದು ಮಕ್ಕಳೇ ಪರೀಕ್ಷಿಸುತ್ತಾರೆ.

ಇನ್ನು ಬೇಡವಾದದ್ದರ ಬಗ್ಗೆ: ಅರಿಶಿನ ಹಚ್ಚಿದ ಕಾಗದ ಸೋಪಿನ ನೀರಿಗೆ ಕೆಂಪಾಗುವುದು, ನೆನೆಸಿದ ಹೆಸರುಕಾಳು ಮೊಳೆಯುವುದು, ದಾಸವಾಳದ ಹೂವಿನ ಭಾಗಗಳು — ಇವೆಲ್ಲ ಯಾವ ಊರಿನಲ್ಲೂ ಕೈಗೆ ಸಿಗುವ ಸಂಗತಿಗಳು. ಇವನ್ನು ವಿಡಿಯೊದಲ್ಲಿ ತೋರಿಸಿ ಮುಗಿಸುವುದು ಮಕ್ಕಳಿಗೆ ಮಾಡುವ ಅನ್ಯಾಯ ಎಂದೇ ನಾನು ಭಾವಿಸುತ್ತೇನೆ.

ಗಣಿತದ ಒಂದು ಪಾಠವನ್ನು ಜಿಯೋಜಿಬ್ರಾ ಬಳಸಿ ಹೇಗೆ ನಡೆಸಬಹುದು? ಹಂತ ಹಂತವಾಗಿ ತಿಳಿಸುವಿರಾ?

ಜಿಯೋಜಿಬ್ರಾ ಎಂಬುದು ಆಸ್ಟ್ರಿಯಾದ ಮಾರ್ಕಸ್ ಹೋಹೆನ್‌ವಾರ್ಟರ್ ಅವರು 2001ರಲ್ಲಿ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಆರಂಭಿಸಿದ ತಂತ್ರಾಂಶ. ರೇಖಾಗಣಿತದ ಆಕೃತಿಗಳನ್ನು ರಚಿಸಿ, ಅವುಗಳ ಬಿಂದುಗಳನ್ನು ಹಿಡಿದು ಎಳೆಯಲು ಅದರಲ್ಲಿ ಅವಕಾಶವಿದೆ. ಒಂದು ಕಂಸವು ವೃತ್ತದ ಕೇಂದ್ರದಲ್ಲಿ ಉಂಟುಮಾಡುವ ಕೋನವು ವೃತ್ತದ ಉಳಿದ ಭಾಗದ ಮೇಲಿನ ಯಾವುದೇ ಬಿಂದುವಿನಲ್ಲಿ ಉಂಟುಮಾಡುವ ಕೋನದ ಎರಡರಷ್ಟಿರುತ್ತದೆ ಎಂಬ ಪ್ರಮೇಯವನ್ನು ತೆಗೆದುಕೊಳ್ಳೋಣ.

ಮೊದಲ ಹದಿನೈದು ನಿಮಿಷ ಕಂಪ್ಯೂಟರ್ ಮುಚ್ಚಿರಲಿ. ಪ್ರತಿ ಮಗುವೂ ಕೈವಾರದಿಂದ ವೃತ್ತ ಎಳೆದು, ಕೇಂದ್ರದಲ್ಲಿ 100 ಡಿಗ್ರಿ ಕೋನ ಬರುವಂತೆ ಪರಿಧಿಯ ಮೇಲೆ ಎರಡು ಬಿಂದುಗಳನ್ನು ಗುರುತಿಸಿ, ದೊಡ್ಡ ಕಂಸದ ಮೇಲೆ ತನಗೆ ಇಷ್ಟವಾದ ಕಡೆ ಮೂರನೆಯ ಬಿಂದುವನ್ನಿಟ್ಟು ಅಲ್ಲಿನ ಕೋನವನ್ನು ಕೋನಮಾಪಕದಿಂದ ಅಳೆಯಲಿ. ಒಬ್ಬರಿಗೆ 48, ಇನ್ನೊಬ್ಬರಿಗೆ 51, ಮತ್ತೊಬ್ಬರಿಗೆ 50 ಬರುತ್ತದೆ. ಅವನ್ನೆಲ್ಲ ಬೋರ್ಡಿನ ಮೇಲೆ ಬರೆದು, “ನಿಮ್ಮ ಬಿಂದುಗಳು ಬೇರೆ ಬೇರೆ ಕಡೆ ಇವೆ, ಆದರೂ ಅಳತೆಗಳು ಯಾಕೆ ಹತ್ತಿರ ಹತ್ತಿರ ಬಂದವು?” ಎಂದು ಕೇಳಿ.

ಈಗ ಪ್ರೊಜೆಕ್ಟರ್ ಹಚ್ಚಿ ಅದೇ ಆಕೃತಿಯನ್ನು ಜಿಯೋಜಿಬ್ರಾದಲ್ಲಿ ರಚಿಸಿ. ಮೂರನೆಯ ಬಿಂದುವನ್ನು ಎಳೆಯುವ ಮೊದಲು ಕೋನಕ್ಕೆ ಏನಾಗಬಹುದೆಂದು ಎಲ್ಲರೂ ಟಿಪ್ಪಣಿ ಪುಸ್ತಕದಲ್ಲಿ ಬರೆಯುವಂತೆ ಮಾಡಿ. ಬರೆಯದೆ ಬಾಯಲ್ಲಿ ಹೇಳಿಸಿದರೆ ಮುಂದಿನ ಬೆಂಚಿನ ನಾಲ್ವರ ಉತ್ತರವೇ ಇಡೀ ತರಗತಿಯ ಉತ್ತರವಾಗಿಬಿಡುತ್ತದೆ. ಬಿಂದು ದೊಡ್ಡ ಕಂಸದ ಮೇಲೆ ಎಲ್ಲಿ ಸಾಗಿದರೂ ಕೋನ 50 ಡಿಗ್ರಿಯಲ್ಲೇ ನಿಲ್ಲುತ್ತದೆ. ಹಾಗೆಯೇ ಎಳೆಯುತ್ತಾ ಅದನ್ನು ಚಿಕ್ಕ ಕಂಸಕ್ಕೆ ದಾಟಿಸಿ. ಕೋನ ಒಮ್ಮೆಗೇ 130 ಡಿಗ್ರಿಯಾಗುತ್ತದೆ, ಮಕ್ಕಳು ಗದ್ದಲ ಮಾಡುತ್ತಾರೆ. ನಿಯಮ ಮುರಿಯಿತೇ ಎಂದು ಕೇಳಿ, ಉತ್ತರಿಸಲು ಅವಸರಪಡಬೇಡಿ. ಕೇಂದ್ರದಲ್ಲಿ ಈಗ ನೋಡಬೇಕಾದದ್ದು 100 ಡಿಗ್ರಿಯನ್ನಲ್ಲ, ಆಚೆ ಬದಿಯ 260 ಡಿಗ್ರಿಯನ್ನು, ಅದರ ಅರ್ಧವೇ 130 ಎಂಬುದನ್ನು ತರಗತಿಯಲ್ಲಿ ಯಾರಾದರೊಬ್ಬರು ಕಂಡುಕೊಳ್ಳುವವರೆಗೂ ಕಾಯುವ ತಾಳ್ಮೆ ಶಿಕ್ಷಕರಿಗೆ ಇರಬೇಕು. ಈ ಪಾಠದ ತಿರುಳು ಇರುವುದೇ ಆ ಐದು ನಿಮಿಷಗಳಲ್ಲಿ.

ಅಳತೆಯು ಪ್ರಮೇಯದ ಸಾಧನೆ (ಪುರಾವೆ) ಆಗುವುದಿಲ್ಲ ಎಂಬುದನ್ನೂ ಹೇಳಲೇಬೇಕು. ಸಾವಿರ ಬಿಂದುಗಳಲ್ಲಿ ಅಳೆದರೂ ಸಾವಿರದ ಒಂದನೆಯದರ ಬಗ್ಗೆ ಅದು ಏನನ್ನೂ ಖಚಿತಪಡಿಸದು. ಆದ್ದರಿಂದ ಪ್ರೊಜೆಕ್ಟರ್ ಆರಿಸಿ, ಕಪ್ಪುಹಲಗೆಗೆ ಮರಳಿ, ಪರಿಧಿಯ ಬಿಂದುವಿನಿಂದ ಕೇಂದ್ರದ ಮೂಲಕ ರೇಖೆಯನ್ನು ಎಳೆದು, ಎರಡು ಸಮದ್ವಿಬಾಹು ತ್ರಿಭುಜಗಳ ಸಹಾಯದಿಂದ ಸಾಧನೆಯನ್ನು ಬರೆಯಿರಿ.

ನಮ್ಮ ಸ್ಮಾರ್ಟ್ ಕ್ಲಾಸಿನಲ್ಲಿ ಸಿದ್ಧ ವಿಡಿಯೊಗಳಿವೆ. ಅವನ್ನು ಹಾಕಿದರೆ ಸಾಕಲ್ಲವೇ?

ವಿಡಿಯೊವನ್ನು ಆರಂಭದಿಂದ ಕೊನೆಯವರೆಗೆ ಸುಮ್ಮನೆ ಓಡಿಸಿದರೆ ಮಕ್ಕಳಿಗೆ ಎಲ್ಲವೂ ಅರ್ಥವಾದಂತೆ ಅನ್ನಿಸುತ್ತದೆ, ಶಿಕ್ಷಕರಿಗೂ ಹಾಗೆಯೇ ಅನ್ನಿಸುತ್ತದೆ. ಮರುದಿನ ಪ್ರಶ್ನೆ ಕೇಳಿದಾಗ ನಿಜಸ್ಥಿತಿ ತಿಳಿಯುತ್ತದೆ. ತರಗತಿಗೆ ಮೊದಲು ನೀವು ಪೂರ್ತಿ ನೋಡಿ, ಎಲ್ಲಿ ನಿಲ್ಲಿಸಿ ಏನು ಕೇಳಬೇಕೆಂದು ಗುರುತು ಮಾಡಿಕೊಳ್ಳಿ. ಹತ್ತು ನಿಮಿಷದ ವಿಡಿಯೊದಲ್ಲಿ ನಿಮಗೆ ಬೇಕಾದದ್ದು ಎರಡು ನಿಮಿಷದ ಭಾಗವಾದರೆ ಅಷ್ಟನ್ನೇ ತೋರಿಸಿ. ಪ್ರಾಣಿಗಳ ಚಲನೆ, ಜ್ವಾಲಾಮುಖಿ, ಹೃದಯದ ಬಡಿತ ಮುಂತಾದವುಗಳ ವಿಡಿಯೊವನ್ನು ಮೊದಲ ಬಾರಿ ಧ್ವನಿಯಿಲ್ಲದೆ ತೋರಿಸಿ, ಕಂಡದ್ದನ್ನು ಮಕ್ಕಳೇ ವಿವರಿಸುವಂತೆ ಮಾಡುವುದು ಬಹಳ ಫಲ ಕೊಡುವ ವಿಧಾನ. ಬೇರೆ ಭಾಷೆಯ ವಿಡಿಯೊ ಮಾತ್ರ ಸಿಕ್ಕಿದಾಗಲೂ ಇದರಿಂದ ಅನುಕೂಲವಾಗುತ್ತದೆ.

ಇಡೀ ಶಾಲೆಗೆ ಇರುವುದು ಒಂದೇ ಕಂಪ್ಯೂಟರ್. ಅದರಿಂದ ಏನು ಸಾಧ್ಯ?

ಸಾಕಷ್ಟು ಸಾಧ್ಯ, ಮೇಲೆ ವಿವರಿಸಿದ ಗಣಿತದ ಪಾಠಕ್ಕೆ ಬೇಕಾದದ್ದು ಒಂದೇ ಕಂಪ್ಯೂಟರ್ ಮತ್ತು ಒಂದು ಪ್ರೊಜೆಕ್ಟರ್. ಮೌಸ್ ಶಿಕ್ಷಕರ ಕೈಯಲ್ಲೇ ಉಳಿಯದೆ ಮಕ್ಕಳ ಕೈಗೆ ಹೋಗಬೇಕು, ಅದೂ ಯಾವಾಗಲೂ ಮುಂದೆ ಬರುವ ಮಕ್ಕಳಿಗಷ್ಟೇ ಅಲ್ಲದೆ ಸರದಿಯ ಪ್ರಕಾರ ಎಲ್ಲರಿಗೂ ಸಿಗಬೇಕು. ಕಂಪ್ಯೂಟರ್ ಕೊಠಡಿ ಇರುವ ಶಾಲೆಗಳಲ್ಲಿ ಹುಡುಗರು ಕೀಲಿಮಣೆಯ ಮುಂದೆ ಕೂತು ಹುಡುಗಿಯರು ಹಿಂದೆ ನಿಂತು ನೋಡುವ ಪರಿಪಾಠ ಬಹಳ ಬೇಗ ಬೇರೂರುತ್ತದೆ. ಮೊದಲ ವಾರದಲ್ಲೇ ಸರದಿಯ ಪಟ್ಟಿ ಹಾಕಿ ಅದನ್ನು ತಡೆಯುವುದು ಶಿಕ್ಷಕರ ಹೊಣೆ.

ಇಂಟರ್ನೆಟ್ ಇಲ್ಲ, ಕರೆಂಟೂ ನಂಬಿಕೆಯಿಲ್ಲ. ಆಗ?

ಇಂಟರ್ನೆಟ್ಟನ್ನು ತರಗತಿಯ ಹೊತ್ತಿನಲ್ಲಿ ಅವಲಂಬಿಸದಿರುವುದೇ ಸರಿ; ಸಂಪರ್ಕ ಚೆನ್ನಾಗಿರುವ ನಗರದ ಶಾಲೆಗೂ ಇದನ್ನೇ ಹೇಳುತ್ತೇನೆ. ಜಿಯೋಜಿಬ್ರಾ, ಸ್ಟೆಲ್ಲೇರಿಯಂ, ಫೆಟ್ ಅನುಕರಣೆಗಳು — ಎಲ್ಲವನ್ನೂ ಒಮ್ಮೆ ಇಳಿಸಿಕೊಂಡರೆ ಸಂಪರ್ಕವಿಲ್ಲದೆ ನಡೆಯುತ್ತವೆ. ಕಿವಿಕ್ಸ್ ಎಂಬ ತಂತ್ರಾಂಶದ ಮೂಲಕ ಇಡೀ ಕನ್ನಡ ವಿಕಿಪೀಡಿಯವನ್ನು ಪೆನ್ ಡ್ರೈವಿನಲ್ಲಿ ತಂದು ಶಾಲೆಯ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಬಹುದು. ವಿದ್ಯುತ್ತಿಗೆ ಸಂಬಂಧಿಸಿದಂತೆ, ನಿಮ್ಮ ಊರಿನಲ್ಲಿ ವಿದ್ಯುತ್ ಇರುವ ಹೊತ್ತಿಗೆ ಹೊಂದುವಂತೆ ವೇಳಾಪಟ್ಟಿಯಲ್ಲಿ ಪೀರಿಯಡ್ಡುಗಳನ್ನು ಅದಲು ಬದಲು ಮಾಡಲು ಮುಖ್ಯೋಪಾಧ್ಯಾಯರೊಂದಿಗೆ ಮಾತನಾಡಿ. ಕರೆಂಟ್ ಹೋದರೂ ಪಾಠ ನಿಲ್ಲದಂತೆ ಯೋಜನೆಯಲ್ಲೇ ಇನ್ನೊಂದು ದಾರಿಯನ್ನು ಬರೆದಿಟ್ಟುಕೊಳ್ಳಿ.

ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್‌ಗಳಿಂದ ಏನು ಪ್ರಯೋಜನ?

ಅವು ನಿಮ್ಮನ್ನು ದೀಕ್ಷಾ ವೇದಿಕೆಗೆ ಕರೆದೊಯ್ಯುತ್ತವೆ. ಕೇಂದ್ರ ಸರ್ಕಾರ 2017ರ ಶಿಕ್ಷಕರ ದಿನದಂದು ಆರಂಭಿಸಿದ ಈ ವೇದಿಕೆಯಲ್ಲಿ ರಾಜ್ಯಗಳು ತಮ್ಮ ಪಠ್ಯಕ್ಕೆ ತಕ್ಕ ಸಾಮಗ್ರಿಯನ್ನು ಸೇರಿಸುತ್ತವೆ. ಸಾಮಗ್ರಿಯ ಗುಣಮಟ್ಟ ಘಟಕದಿಂದ ಘಟಕಕ್ಕೆ ಬದಲಾಗುತ್ತದೆ, ಆದ್ದರಿಂದ ಮಕ್ಕಳಿಗೆ ಸೂಚಿಸುವ ಮೊದಲು ನೀವು ನೋಡಿರಿ. ಅಭ್ಯಾಸದ ಪ್ರಶ್ನೆಗಳನ್ನು ಪುನರಾವರ್ತನೆಗೆ ಬಳಸಿಕೊಳ್ಳಬಹುದು.

ಕನ್ನಡ ಭಾಷಾ ಪಾಠಕ್ಕೂ ಇದೆಲ್ಲ ಬೇಕೇ? ವಿಜ್ಞಾನ, ಗಣಿತದವರಿಗೆ ಇರಲಿ ಎನ್ನುತ್ತಾರಲ್ಲ.

ಭಾಷಾ ಶಿಕ್ಷಕರಿಗೆ ಸಿಗುವ ಲಾಭ ಉಳಿದವರಿಗಿಂತ ಕಡಿಮೆಯಲ್ಲ, ಮತ್ತು ಅದು ಅತಿ ಅಗ್ಗದ ಸಾಧನದಿಂದಲೇ ಸಿಗುತ್ತದೆ: ಮೊಬೈಲಿನ ಧ್ವನಿಮುದ್ರಣ. ಭಾಮಿನಿ ಷಟ್ಪದಿಯ ಪದ್ಯವನ್ನು ಮಕ್ಕಳು ಓದುವಾಗ ಮೂರು ಮಾತ್ರೆ, ನಾಲ್ಕು ಮಾತ್ರೆಯ ಗಣಗಳು ಒಂದರ ನಂತರ ಒಂದು ಬರುವ ಲಯ ಕಿವಿಗೆ ಬೀಳದಿದ್ದರೆ, ಪ್ರಸ್ತಾರ ಹಾಕುವುದು ಅವರಿಗೆ ಬರೀ ಗೆರೆ ಎಳೆಯುವ ಕೆಲಸವಾಗುತ್ತದೆ. ಮೊದಲು ಒಳ್ಳೆಯ ಗಮಕ ವಾಚನವೊಂದನ್ನು ಕೇಳಿಸಿ. ಬಳಿಕ ಮಕ್ಕಳು ಗುಂಪಿನಲ್ಲಿ ಓದಿ, ತಮ್ಮ ಓದನ್ನು ಮುದ್ರಿಸಿಕೊಂಡು ಕೇಳಲಿ. ಎಲ್ಲಿ ಪದವನ್ನು ತಪ್ಪಾಗಿ ಒಡೆದೆವು, ಎಲ್ಲಿ ಲಯ ಜಾರಿತು ಎಂದು ತಾವೇ ಗುರುತಿಸುತ್ತಾರೆ. ಅಲ್ಪಪ್ರಾಣ–ಮಹಾಪ್ರಾಣಗಳ ಉಚ್ಚಾರಣೆ, ಹಳಗನ್ನಡ ಪದ್ಯಗಳ ಪದವಿಂಗಡಣೆ, ಮನೆಯಲ್ಲಿ ಉರ್ದು, ತೆಲುಗು, ತುಳು, ಲಂಬಾಣಿ ಮಾತನಾಡುವ ಮಕ್ಕಳ ಓದಿನ ಅಭ್ಯಾಸ — ಎಲ್ಲಕ್ಕೂ ಇದು ನೆರವಾಗುತ್ತದೆ. ಹಿಂಜರಿಯುವ ಮಗುವಿನ ಧ್ವನಿಯನ್ನು ಇಡೀ ತರಗತಿಗೆ ಕೇಳಿಸದೆ, ಅದೊಂದೇ ಕೇಳಿಕೊಳ್ಳಲು ಬಿಡುವ ಸೂಕ್ಷ್ಮ ಶಿಕ್ಷಕರಲ್ಲಿರಬೇಕು.

ವಚನಗಳ ಪಾಠಕ್ಕೆ ‘ವಚನ ಸಂಚಯ’ ಜಾಲತಾಣ ಒಂದು ನಿಧಿ. ಅದರಲ್ಲಿ ‘ಕಾಯಕ’ ಅಥವಾ ‘ಅನುಭಾವ’ ಎಂಬ ಪದವನ್ನು ಹುಡುಕಿದರೆ ಯಾವ ಯಾವ ವಚನಕಾರರು ಅದನ್ನು ಎಲ್ಲೆಲ್ಲಿ ಬಳಸಿದ್ದಾರೆ ಎಂಬುದು ಕಾಣುತ್ತದೆ. ಹಿಂದೆ ಸಂಶೋಧಕರು ತಿಂಗಳುಗಟ್ಟಲೆ ಪುಸ್ತಕ ತಿರುವಿ ಮಾಡುತ್ತಿದ್ದ ಕೆಲಸವನ್ನು 9ನೇ ತರಗತಿಯ ಮಗು ಒಂದು ಪೀರಿಯಡ್ಡಿನಲ್ಲಿ ಆರಂಭಿಸಬಹುದು. ಐದು ವಚನಗಳನ್ನು ಆರಿಸಿ, ಅವುಗಳಲ್ಲಿ ಆ ಪದದ ಅರ್ಥಛಾಯೆ ಹೇಗೆ ಬದಲಾಗಿದೆ ಎಂದು ಬರೆಯಬಹುದು. ನಿಘಂಟುಗಳಿಗೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ ಜಾಲತಾಣ ಇದೆ, ವಿ. ಕೃಷ್ಣ ಅವರು ಹಲವು ದಶಕ ದುಡಿದು ಸಿದ್ಧಪಡಿಸಿದ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ ಎಂಬ ಹೆಸರಿನಲ್ಲಿ ಎಲ್ಲರಿಗೂ ಮುಕ್ತವಾಗಿ ಸಿಗುತ್ತದೆ.

ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆ ಬೇರೆ ಕಂಪ್ಯೂಟರಿನಲ್ಲಿ ಅಡ್ಡಾದಿಡ್ಡಿ ಚಿಹ್ನೆಗಳಾಗಿ ಕಾಣುತ್ತದೆ. ಪರಿಹಾರವೇನು?

ಹಳೆಯ ವಿಧಾನದಲ್ಲಿ ಕನ್ನಡ ಅಕ್ಷರಗಳ ಚೂರುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಅದು ಕನ್ನಡ ಎಂದೇ ತಿಳಿಯುವುದಿಲ್ಲ. ಎಲ್ಲ ಭಾಷೆಗಳ ಲಿಪಿಗಳಿಗೂ ಇರುವ ಸಾಮಾನ್ಯ ಸಂಕೇತ ವ್ಯವಸ್ಥೆಯಾದ ಯೂನಿಕೋಡಿನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿದೆ, ಅದೂ 1991ರ ಮೊದಲ ಆವೃತ್ತಿಯಿಂದಲೇ. ನೀವು ಕಲಿತಿರುವ ಕೀಲಿಮಣೆಯನ್ನು ಬಿಡಬೇಕಾಗಿಲ್ಲ: ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲೇ ಯೂನಿಕೋಡನ್ನು ಟೈಪಿಸಬಹುದು, ಕನ್ನಡ ಗಣಕ ಪರಿಷತ್ತಿನ ನುಡಿಯ ಹೊಸ ಆವೃತ್ತಿಗಳಲ್ಲಿ ಆ ಸೌಲಭ್ಯವಿದೆ. ಹಳೆಯ ಕಡತಗಳನ್ನು ಬದಲಿಸಿಕೊಡುವ ಉಚಿತ ಪರಿವರ್ತಕಗಳೂ ಇವೆ. ಪರಿವರ್ತಿಸಿದ ಮೇಲೆ ಅರ್ಕಾವೊತ್ತು ಮತ್ತು ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ನೋಡಿ. ಈ ಬದಲಾವಣೆಯನ್ನು ಶಾಲೆಗಳು ಇನ್ನು ಮುಂದೂಡಬಾರದು, ಏಕೆಂದರೆ ಮುಂದಿನ ಪ್ರಶ್ನೆ ನೇರವಾಗಿ ಇದಕ್ಕೆ ಸೇರಿದೆ.

ದೃಷ್ಟಿ ಸಮಸ್ಯೆಯಿರುವ ವಿದ್ಯಾರ್ಥಿಯೊಬ್ಬರು ನಮ್ಮ ತರಗತಿಯಲ್ಲಿದ್ದಾರೆ. ಯಾವ ನೆರವು ಕೊಡಬಹುದು?

ಕಂಪ್ಯೂಟರಿನಲ್ಲಿ ಎನ್‌ವಿಡಿಎ ಎಂಬ ಉಚಿತ ಪರದೆವಾಚಕವನ್ನು, ಅಂದರೆ ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶವನ್ನು, ಅಳವಡಿಸಿ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಇದನ್ನು ಆರಂಭಿಸಿದರು, ಜೇಮ್ಸ್ ಟೆಹ್ ಅವರ ಜೊತೆಗೂಡಿದರು, ಇಬ್ಬರೂ ದೃಷ್ಟಿಹೀನರು. ಅದರೊಂದಿಗೇ ಬರುವ ಇ-ಸ್ಪೀಕ್ ಧ್ವನಿಯು ಕನ್ನಡವನ್ನು ಓದುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಇಂಥದೇ ಟಾಕ್‌ಬ್ಯಾಕ್ ಸೌಲಭ್ಯ ಇದ್ದೇ ಇರುತ್ತದೆ. ಆದರೆ ಇವು ಓದಬಲ್ಲದ್ದು ಯೂನಿಕೋಡ್ ಪಠ್ಯವನ್ನು ಮಾತ್ರ. ಹಳೆಯ ಫಾಂಟಿನ ಟಿಪ್ಪಣಿಯನ್ನೋ ಸ್ಕ್ಯಾನ್ ಮಾಡಿದ ಪಿಡಿಎಫ್ ಅನ್ನೋ ಕೊಟ್ಟರೆ ಆ ವಿದ್ಯಾರ್ಥಿಗೆ ಕೇಳಿಸುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಇಲ್ಲವೇ ಮೌನ. ನೀವು ಯೂನಿಕೋಡಿನಲ್ಲಿ ಟೈಪಿಸಿದ ಒಂದು ಪುಟ ಟಿಪ್ಪಣಿಯಿಂದ ಆ ಮಗು ಯಾರನ್ನೂ ಕಾಯದೆ, ತನಗೆ ಬೇಕಾದಷ್ಟು ಸಲ ಓದಿಕೊಳ್ಳುತ್ತದೆ. ಈ ಪುಟದ ಸಲಹೆಗಳಲ್ಲಿ ಒಂದನ್ನೇ ಪಾಲಿಸಲು ಸಾಧ್ಯ ಎನ್ನುವವರಿದ್ದರೆ ಇದನ್ನೇ ಪಾಲಿಸಿ ಎಂದು ಕೇಳಿಕೊಳ್ಳುತ್ತೇನೆ.

ಮಕ್ಕಳು ಚಾಟ್‌ಜಿಪಿಟಿಯಿಂದ ಉತ್ತರ ಬರೆದು ತರುತ್ತಿದ್ದಾರೆ. ನಿಷೇಧಿಸಬೇಕೇ?

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಾಗಿನಿಂದ ಈ ಪ್ರಶ್ನೆ ಹೆಚ್ಚಾಗಿದೆ. ಮನೆಯಲ್ಲಿ ನಡೆಯುವುದನ್ನು ಶಾಲೆ ನಿಷೇಧಿಸಲಾರದು. ಮಾಡಬಹುದಾದದ್ದು ಎರಡು. ಮೊದಲನೆಯದು, ಮನೆಗೆಲಸದ ಸ್ವರೂಪವನ್ನು ಬದಲಿಸುವುದು: ‘ಜಲಸಂರಕ್ಷಣೆ ಕುರಿತು ಪ್ರಬಂಧ ಬರೆಯಿರಿ’ ಎಂದರೆ ಯಂತ್ರ ಬರೆದುಕೊಡುತ್ತದೆ, ‘ನಿಮ್ಮ ಊರಿನ ಕೆರೆಯ ಬಗ್ಗೆ ಅಜ್ಜಿ ಅಥವಾ ತಾತ ಹೇಳಿದ್ದನ್ನು ಕೇಳಿ ಬರೆಯಿರಿ, ಮರುದಿನ ತರಗತಿಯಲ್ಲಿ ಅದರ ಬಗ್ಗೆ ಮಾತನಾಡಿ’ ಎಂದರೆ ಮಗುವೇ ಬರೆಯಬೇಕಾಗುತ್ತದೆ.

ಎರಡನೆಯದು, ಇಂಥ ಯಂತ್ರಗಳು ಹೇಗೆ ತಪ್ಪುತ್ತವೆ ಎಂಬುದನ್ನೇ ಪಾಠವಾಗಿಸುವುದು. ಮುಂದೆ ಯಾವ ಪದ ಬರುವ ಸಂಭವ ಹೆಚ್ಚು ಎಂಬ ಲೆಕ್ಕದ ಮೇಲೆ ಅವು ವಾಕ್ಯ ಕಟ್ಟುತ್ತವೆ. ಕಟ್ಟಿದ್ದು ನಿಜವೇ ಎಂಬ ಖಾತರಿ ಅದರೊಳಗಿಲ್ಲ. ಕನ್ನಡದಲ್ಲಿ ಅವಕ್ಕೆ ಸಿಕ್ಕ ಓದಿನ ಸಾಮಗ್ರಿ ಇಂಗ್ಲಿಷಿಗಿಂತ ತೀರ ಕಡಿಮೆಯಾದ್ದರಿಂದ ತಪ್ಪುವ ಸಂಭವವೂ ಜಾಸ್ತಿ. ಅಕ್ಕಮಹಾದೇವಿಯ ವಚನವೊಂದನ್ನು ಕೊಡು ಎಂದು ಕೇಳಿದರೆ, ಎಲ್ಲೂ ಇಲ್ಲದ ಸಾಲುಗಳನ್ನು ಹೆಣೆದು ಕೊನೆಯಲ್ಲಿ ‘ಚೆನ್ನಮಲ್ಲಿಕಾರ್ಜುನ’ ಎಂಬ ಅಂಕಿತವನ್ನು ಸೇರಿಸಿಬಿಡಬಹುದು. ಬಂದ ಉತ್ತರವನ್ನು ವಚನ ಸಂಚಯದಲ್ಲಿ ಹುಡುಕಿ ಪರಿಶೀಲಿಸುವ ಕೆಲಸವನ್ನು ಮಕ್ಕಳಿಗೆ ಕೊಡಿ. ಶಿಕ್ಷಕರು ಪ್ರಶ್ನೆಪತ್ರಿಕೆಗೆ ಕರಡು ತಯಾರಿಸಲು ಇದನ್ನು ಬಳಸುವುದಾದರೆ ಪ್ರತಿಯೊಂದು ಪ್ರಶ್ನೆಯನ್ನೂ ತಾವೇ ಬಿಡಿಸಿ ನೋಡಬೇಕು. ಮಕ್ಕಳ ಹೆಸರು, ಅಂಕ, ಕುಟುಂಬದ ವಿವರಗಳನ್ನು ಎಂದಿಗೂ ಅದರಲ್ಲಿ ಹಾಕಬಾರದು.

ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಮಕ್ಕಳ ಫೋಟೊ, ಅಂಕಪಟ್ಟಿ ಹಾಕಬಹುದೇ?

ಅಂಕಪಟ್ಟಿಯನ್ನು ಹಾಕಬೇಡಿ. ಒಂದು ಮಗುವಿನ ಅಂಕ ಆ ಮಗುವಿಗೂ ಅದರ ಪೋಷಕರಿಗೂ ಸೇರಿದ್ದು. ಇಡೀ ಗುಂಪಿಗೆ ಕಾಣುವಂತೆ ಹಾಕಿದರೆ ಕಡಿಮೆ ಅಂಕ ಬಂದ ಮಗು ಮನೆಯಲ್ಲೂ ಬೀದಿಯಲ್ಲೂ ಅದನ್ನು ಅನುಭವಿಸುತ್ತದೆ. ಫೋಟೊಗಳಿಗೆ ಪೋಷಕರ ಲಿಖಿತ ಒಪ್ಪಿಗೆ ಪಡೆಯಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷ ತುಂಬದವರನ್ನು ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿಯ ಬಳಕೆಗೆ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆಯನ್ನು ಕೇಳುತ್ತದೆ. ಉಚಿತವಾಗಿ ಸಿಗುವ ಹೊಸ ಕಲಿಕಾ ಆ್ಯಪ್ ಒಂದಕ್ಕೆ ಇಡೀ ತರಗತಿಯನ್ನು ಸೇರಿಸುವ ಮೊದಲೂ ಅದು ಯಾವ ಯಾವ ಮಾಹಿತಿ ಕೇಳುತ್ತದೆ ಎಂದು ಓದಿ ನೋಡಿ.

ಮನೆಯಲ್ಲಿರುವುದು ಒಂದೇ ಮೊಬೈಲ್. ಮಕ್ಕಳ ಕೈಗೆ ಎಷ್ಟು ಹೊತ್ತು ಕೊಡಬೇಕು?

ಗಂಟೆಯ ಲೆಕ್ಕಕ್ಕಿಂತ, ಯಾವ ಕೆಲಸಕ್ಕಾಗಿ ಕೊಡುತ್ತಿದ್ದೇವೆ ಎಂಬುದು ಪೋಷಕರಿಗೆ ತಿಳಿದಿರುವುದು ಮುಖ್ಯ. ‘ಶಾಲೆಯವರು ಮೊಬೈಲ್ ನೋಡಲು ಹೇಳಿದ್ದಾರೆ’ ಎಂದು ಮಗು ಹೇಳಿದರೆ ಏನನ್ನು, ಎಷ್ಟು ಹೊತ್ತು ಎಂದು ಶಿಕ್ಷಕರನ್ನು ಕೇಳುವ ಹಕ್ಕು ನಿಮಗಿದೆ. ಶಿಕ್ಷಕರು ಕೂಡ ಮೊಬೈಲ್ ಇಲ್ಲದೆ ಮಾಡಲಾಗದಂಥ ಮನೆಗೆಲಸವನ್ನು ಕಡ್ಡಾಯ ಮಾಡಬಾರದು. ಅಪ್ಪ ಕೆಲಸದಿಂದ ಬಂದ ಮೇಲೆ ರಾತ್ರಿ ಒಂಬತ್ತಕ್ಕೆ ಫೋನ್ ಸಿಗುವ ಮಕ್ಕಳಿದ್ದಾರೆ, ಅಣ್ಣನಿಗೆ ಸಿಕ್ಕಿ ತಂಗಿಗೆ ಸಿಗದ ಮನೆಗಳಿವೆ. 2020ರಲ್ಲಿ ಆನ್‌ಲೈನ್ ಪಾಠ ತಲುಪದ ಮಕ್ಕಳಿಗಾಗಿ ಶಿಕ್ಷಕರೇ ಊರೂರಿಗೆ ಹೋಗಿ ಮರದಡಿ, ಗುಡಿಯ ಕಟ್ಟೆ, ಸಮುದಾಯ ಭವನಗಳಲ್ಲಿ ‘ವಿದ್ಯಾಗಮ’ ನಡೆಸಿದ್ದು ಇದೇ ಕಾರಣಕ್ಕೆ.

ಇಂಟರ್ನೆಟ್ಟಿನ ಚಿತ್ರ, ಪಠ್ಯಗಳನ್ನು ಪಾಠಕ್ಕೆ ಬಳಸಿದರೆ ಕೃತಿಸ್ವಾಮ್ಯದ ತೊಂದರೆಯಾಗುತ್ತದೆಯೇ?

1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಪಾಠದ ಸಂದರ್ಭದಲ್ಲಿ ಶಿಕ್ಷಕರೂ ವಿದ್ಯಾರ್ಥಿಗಳೂ ಕೃತಿಗಳನ್ನು ನಕಲು ಮಾಡಿಕೊಳ್ಳಲು ಅವಕಾಶ ಕೊಡುತ್ತದೆ. 2016ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಪ್ರತಿಗಳ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಇದನ್ನು ವಿಶಾಲವಾಗಿ ಅರ್ಥೈಸಿತು. ತರಗತಿಯೊಳಗಿನ ಬಳಕೆಗೂ, ಅದೇ ಸಾಮಗ್ರಿಯನ್ನು ಯೂಟ್ಯೂಬಿಗೆ ಏರಿಸುವುದಕ್ಕೂ ವ್ಯತ್ಯಾಸವಿದೆ. ಎಲ್ಲರೊಂದಿಗೆ ಹಂಚಿಕೊಳ್ಳುವುದಾದರೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ (ಹಂಚಿಕೊಳ್ಳಲು ಕರ್ತೃವೇ ಅನುಮತಿ ಕೊಟ್ಟಿರುವ) ಚಿತ್ರಗಳನ್ನು ಬಳಸಿ, ಮೂಲ ಕರ್ತೃವಿನ ಹೆಸರು ಹಾಕಿ.

ಇಷ್ಟೆಲ್ಲ ಮಾಡಿದರೆ ಮಕ್ಕಳ ಕಲಿಕೆ ನಿಜವಾಗಿಯೂ ಸುಧಾರಿಸುತ್ತದೆಯೇ?

ಕೆಲವು ಕಡೆ ಸುಧಾರಿಸಿದೆ, ಕೆಲವು ಕಡೆ ಇಲ್ಲ. ಆ ವ್ಯತ್ಯಾಸದ ಕಾರಣಗಳು ನಮಗೆ ದಾರಿ ತೋರಿಸುತ್ತವೆ. ಪೆರು ದೇಶದ ಗ್ರಾಮೀಣ ಪ್ರಾಥಮಿಕ ಶಾಲೆಗಳಿಗೆ ‘ಮಗುವಿಗೊಂದು ಲ್ಯಾಪ್‌ಟಾಪ್’ ಯೋಜನೆಯಡಿ ಯಂತ್ರಗಳನ್ನು ಹಂಚಲಾಯಿತು. 319 ಶಾಲೆಗಳಲ್ಲಿ ನಡೆಸಿದ ಮೌಲ್ಯಮಾಪನದಲ್ಲಿ ಗಣಿತ ಮತ್ತು ಭಾಷೆಯ ಅಂಕಗಳಲ್ಲಿ ಏರಿಕೆ ಕಾಣಲಿಲ್ಲ. ವಡೋದರಾದ ನಗರಪಾಲಿಕೆ ಶಾಲೆಗಳಲ್ಲಿ 4ನೇ ತರಗತಿಯ ಮಕ್ಕಳು ವಾರಕ್ಕೆ ಎರಡು ಗಂಟೆ ಗಣಿತದ ಆಟಗಳನ್ನು ಕಂಪ್ಯೂಟರಿನಲ್ಲಿ ಆಡಿದಾಗ, ಅವರ ಗಣಿತದ ಅಂಕಗಳು ಗಮನಾರ್ಹವಾಗಿ ಏರಿದುದನ್ನು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 2007ರಲ್ಲಿ ವರದಿ ಮಾಡಿದರು. ಆ ಆಟಗಳು ಮಗುವಿನ ಮಟ್ಟಕ್ಕೆ ಹೊಂದಿಕೊಳ್ಳುತ್ತಿದ್ದವು. ಗುಜರಾತಿನಲ್ಲೇ ನಡೆದ ಮತ್ತೊಂದು ಅಧ್ಯಯನದಲ್ಲಿ, ಶಿಕ್ಷಕರ ಪಾಠದ ಸಮಯವನ್ನು ಕಿತ್ತುಕೊಂಡು ಕಂಪ್ಯೂಟರಿಗೆ ಕೊಟ್ಟಾಗ ಮಕ್ಕಳು ಹಿಂದೆ ಬಿದ್ದರು, ಪಾಠದ ಜೊತೆಗೆ ಹೆಚ್ಚುವರಿಯಾಗಿ ಕೊಟ್ಟಾಗ ಮುಂದೆ ಬಂದರು.

2019ರಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ಪ್ರಕಟಿಸಿದ ದೆಹಲಿಯ ಅಧ್ಯಯನವನ್ನು ಪ್ರತಿ ಶಿಕ್ಷಕರೂ ತಿಳಿದಿರಬೇಕು. ಅಲ್ಲಿನ ಮಕ್ಕಳು ತಮ್ಮ ತರಗತಿಯ ಪಠ್ಯಕ್ಕಿಂತ ಬಹಳ ಹಿಂದಿದ್ದರು. ಶಾಲೆಯ ನಂತರ ನಡೆದ ಕೇಂದ್ರಗಳಲ್ಲಿ ತಂತ್ರಾಂಶವು ಪ್ರತಿಯೊಬ್ಬರೂ ನಿಂತಿರುವ ಮಟ್ಟದಿಂದಲೇ ಪಾಠ ಆರಂಭಿಸಿತು, ಜೊತೆಗೆ ಸಣ್ಣ ಗುಂಪಿನಲ್ಲಿ ಬೋಧನೆಯೂ ಇತ್ತು. ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲೂ ಹಿಂದಿಯಲ್ಲೂ ಒಳ್ಳೆಯ ಪ್ರಗತಿ ಕಂಡಿತು. ಇದನ್ನು ಓದಿದ ಮೇಲೆ ನನಗೆ ಸ್ಪಷ್ಟವಾಗುವುದು ಇಷ್ಟು: 8ನೇ ತರಗತಿಗೆ ಬಂದೂ ಭಾಗಾಕಾರ ಬಾರದ ಮಗುವಿಗೆ ಬೀಜಗಣಿತದ ಆಕರ್ಷಕ ವಿಡಿಯೊ ತೋರಿಸಿ ಪ್ರಯೋಜನವಿಲ್ಲ. ಆ ಮಗುವಿಗೆ ಭಾಗಾಕಾರ ಕಲಿಸಲು ನಮ್ಮ ಬಳಿ ಇರುವ ಸಾಧನ ನೆರವಾಗುತ್ತದೆಯೇ ಎಂದೇ ಕೇಳಿಕೊಳ್ಳಬೇಕು.

ಕಂಪ್ಯೂಟರ್ ಕೊಠಡಿಗೆ ವರ್ಷವಿಡೀ ಬೀಗ. ಯಂತ್ರಗಳು ಹಳೆಯವು, ಕೆಟ್ಟರೆ ಹೊಣೆ ಯಾರದು ಎಂಬ ಭಯ. ಏನು ಮಾಡಬಹುದು?

ಭಯಕ್ಕೆ ಆಧಾರವಿದೆ, ದಾಸ್ತಾನು ಪುಸ್ತಕದಲ್ಲಿ ತಮ್ಮ ಹೆಸರಿನ ಮುಂದೆ ನಮೂದಾಗಿರುವ ವಸ್ತು ಕೆಟ್ಟರೆ ಉತ್ತರ ಹೇಳಬೇಕಾದವರು ಆ ಶಿಕ್ಷಕರೇ. ಆದ್ದರಿಂದ ಇದನ್ನು ಒಬ್ಬ ಶಿಕ್ಷಕರ ಮೇಲೆ ಬಿಡದೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಚರ್ಚಿಸಿ, ಬಳಕೆಯಿಂದಾಗುವ ಸವಕಳಿಯನ್ನು ತಪ್ಪೆಂದು ಎಣಿಸುವುದಿಲ್ಲ ಎಂದು ನಿರ್ಣಯ ಬರೆಸಿ. ನಿಧಾನವಾಗಿರುವ ಹಳೆಯ ಯಂತ್ರಗಳಲ್ಲಿ ಲಿನಕ್ಸ್ ಆಧಾರಿತ ಹಗುರ ಕಾರ್ಯಾಚರಣೆ ವ್ಯವಸ್ಥೆಯನ್ನು ಹಾಕಿದರೆ ಇನ್ನೂ ಕೆಲವು ವರ್ಷ ದುಡಿಯುತ್ತವೆ. ಲಿಬ್ರೆ ಆಫೀಸ್, ಜಿಯೋಜಿಬ್ರಾ, ಸ್ಟೆಲ್ಲೇರಿಯಂ ಎಲ್ಲವೂ ಅದರಲ್ಲಿ ನಡೆಯುತ್ತವೆ. ನೆರೆಯ ಕೇರಳ ತನ್ನ ಶಾಲೆಗಳಲ್ಲಿ ಸ್ವತಂತ್ರ ತಂತ್ರಾಂಶವನ್ನೇ ಬಳಸುತ್ತಾ ಬಂದಿದೆ, ಮತ್ತು 2018ರಿಂದ ಅಲ್ಲಿನ ಪ್ರೌಢಶಾಲೆಗಳಲ್ಲಿ ‘ಲಿಟಲ್ ಕೈಟ್ಸ್’ ಎಂಬ, ಕಂಪ್ಯೂಟರ್ ಕೆಲಸ ಕಲಿಯುವ ವಿದ್ಯಾರ್ಥಿ ಕೂಟಗಳಿವೆ. ನಮ್ಮಲ್ಲೂ 9ನೇ ತರಗತಿಯ ನಾಲ್ಕೈದು ಮಕ್ಕಳಿಗೆ ಕೇಬಲ್ ಜೋಡಿಸುವುದು, ಧೂಳು ತೆಗೆಯುವುದು, ತಂತ್ರಾಂಶ ಅಳವಡಿಸುವುದನ್ನು ಕಲಿಸಿ, ಅವರು 10ಕ್ಕೆ ಹೋದಾಗ ಕಿರಿಯರಿಗೆ ಕಲಿಸುವಂತೆ ಏರ್ಪಾಡು ಮಾಡಬಹುದು.

ನಾನು ಇದುವರೆಗೆ ಏನನ್ನೂ ಬಳಸಿಲ್ಲ. ಎಲ್ಲಿಂದ ಶುರು ಮಾಡಲಿ?

ಈ ಸೆಮಿಸ್ಟರಿನಲ್ಲಿ ಕಲಿಸಲು ನಿಮಗೆ ಅತಿ ಕಷ್ಟವೆನಿಸುವ ಒಂದು ಘಟಕವನ್ನು ಆರಿಸಿಕೊಳ್ಳಿ. ಅದಕ್ಕೆ ತಕ್ಕ ಒಂದೇ ತಂತ್ರಾಂಶವನ್ನು ರಜೆಯಲ್ಲಿ ಮನೆಯಲ್ಲೇ ಅಭ್ಯಾಸ ಮಾಡಿ, ನಿಮ್ಮ ವಿಷಯದ ಮತ್ತೊಬ್ಬ ಶಿಕ್ಷಕರನ್ನು ಎದುರು ಕೂರಿಸಿಕೊಂಡು ಒಮ್ಮೆ ಪಾಠ ಮಾಡಿ ತೋರಿಸಿ, ಮಕ್ಕಳು ಕೇಳಬಹುದಾದ ಪ್ರಶ್ನೆಗಳನ್ನು ಅವರಿಂದ ಕೇಳಿಸಿಕೊಳ್ಳಿ. ತರಗತಿಯಲ್ಲಿ ಪಾಠವಾದ ಮೇಲೆ, ಕಳೆದ ವರ್ಷದ ಮಕ್ಕಳಿಗೆ ಕೊಟ್ಟಿದ್ದ ಅದೇ ಘಟಕ ಪರೀಕ್ಷೆಯನ್ನು ಈ ವರ್ಷವೂ ಕೊಟ್ಟು, ಮಕ್ಕಳು ಎಡವುತ್ತಿದ್ದ ಪ್ರಶ್ನೆಗಳ ಉತ್ತರಗಳನ್ನು ಹೋಲಿಸಿ ನೋಡಿ. ವ್ಯತ್ಯಾಸ ಕಾಣದಿದ್ದರೆ ಸಾಧನವನ್ನು ಬದಲಿಸುವ ಮೊದಲು, ಆ ದಿನ ನೀವು ತರಗತಿಯಲ್ಲಿ ಕೇಳಿದ ಪ್ರಶ್ನೆಗಳನ್ನು ಮತ್ತೊಮ್ಮೆ ಓದಿ, ಅವನ್ನು ಬದಲಿಸಿ.